ಅಡುಗೆ ಕಲಿಯೋಕೆ ಡಿಗ್ರಿ ಯಾಕೆ ಅಂತ ಅಪ್ಪ ಕೇಳ್ತಾರೆ

ಪ್ರಶ್ನೆ: ನಾನು ಚಳ್ಳಕೆರೆ ಕಡೆಯವಳು. ಈ ವರ್ಷ ಪಿಸಿಎಂಬಿಯಲ್ಲಿ ಸೆಕೆಂಡ್ ಪಿಯುಸಿ ಮುಗಿಸಿದೆ. ಮೆಡಿಕಲ್ ಸೀಟು ಸಿಗುವಷ್ಟು ರ‍್ಯಾಂಕ್ ಬಂದಿಲ್ಲ, ನನಗೆ ಅದರ ಬೇಜಾರೂ ಇಲ್ಲ. ಆಹಾರ, ಪೋಷಣೆ, ಹೋಮ್ ಸೈನ್ಸ್ ಕಡೆ ಹೋಗೋಣ ಅಂತಿದ್ದೇನೆ. ಡಯಟೀಷಿಯನ್, ಫುಡ್ ಟೆಕ್ನಾಲಜಿ, ಕಮ್ಯುನಿಟಿ ಸೈನ್ಸ್ ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಯಾವುದು ಏನು ಅಂತಲೇ ಗೊತ್ತಾಗುತ್ತಿಲ್ಲ. ಅಪ್ಪ ಮಾತ್ರ "ಅಡುಗೆ ಕಲಿಯೋಕೆ ಡಿಗ್ರಿ ಯಾಕೆ, ನಿಮ್ಮಮ್ಮ ಯಾವ ಕಾಲೇಜಿಗೆ ಹೋಗಿದ್ಲು?" ಅಂತಾರೆ. ಅಮ್ಮ ಮಾಡುವ ಶೇಂಗಾ ಚಟ್ನಿಪುಡಿಗೆ ನಮ್ಮೂರಲ್ಲಿ ಒಳ್ಳೆ ಹೆಸರಿದೆ. ಮುಂದೆ ಅದನ್ನೇ ದೊಡ್ಡದು ಮಾಡಬೇಕು ಅಂತ ಒಳಗೊಳಗೇ ಆಸೆ. ಕೆಲಸ ಸಿಗುತ್ತಾ? ಯಾವುದಕ್ಕೆ ಸೇರಲಿ?

ಉತ್ತರ: ನಿನ್ನ ವಯಸ್ಸಿನ ಮಕ್ಕಳಿಗೆ ಬಹಳ ವರ್ಷ ಪಾಠ ಮಾಡಿದ್ದೇನೆ. ಹಾಗಾಗಿ ‘ನೀನು’ ಅಂತಲೇ ಮಾತಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡ.

ಮೊದಲು ನಿಮ್ಮಪ್ಪನ ಮಾತಿಗೆ ಬರೋಣ. ಅವರು ಕೇಳಿದ್ದು ಸರಿಯಾಗೇ ಇದೆ. ಅಡುಗೆ ಕಲಿಯೋಕೆ ಡಿಗ್ರಿ ಬೇಡ. ನಿಮ್ಮಮ್ಮನ ಕೈಗೆ ಹತ್ತಿರುವುದನ್ನು ಯಾವ ಕಾಲೇಜೂ ಕಲಿಸುವುದಿಲ್ಲ, ಕಲಿಸೋಕೂ ಆಗಲ್ಲ. ಇಷ್ಟು ವರ್ಷ ಇದೇ ವಿಷಯದಲ್ಲಿ ಮುಳುಗಿದ್ದರೂ ನನ್ನ ಚಟ್ನಿಪುಡಿ ನಮ್ಮತ್ತೆಯ ಚಟ್ನಿಪುಡಿಯ ಹತ್ತಿರಕ್ಕೂ ಬರುವುದಿಲ್ಲ. ಡಿಗ್ರಿ ಕಲಿಸುವುದು ಬೇರೆಯದು. ಅಮ್ಮನಿಗೆ ಅಂದಾಜಿನಲ್ಲಿ ಗೊತ್ತಿರುವುದನ್ನು ಅಳತೆಗೆ ತರುವುದು. ಒಂದು ಮನೆಗೆ ಸರಿಹೋದದ್ದು ಸಾವಿರ ಮನೆಗೆ ಸರಿಹೋಗುತ್ತಾ, ಒಂದು ವಾರ ಚೆನ್ನಾಗಿದ್ದದ್ದು ನಾಲ್ಕು ತಿಂಗಳು ಚೆನ್ನಾಗಿರುತ್ತಾ, ಗಟ್ಟಿಮುಟ್ಟಾಗಿರುವವರು ತಿನ್ನುವುದನ್ನು ಕಾಯಿಲೆಯವರು ತಿನ್ನಬಹುದಾ ಅಂತ ನೋಡುವುದು. ಕೋರ್ಸಿನ ಹೆಸರು ಏನೇ ಇರಲಿ, ಒಳಗಿರುವ ಹೂರಣ ಇದೇ.

ಹಾಗಂತ ಅಳತೆಯೊಂದೇ ಸಾಲುವುದಿಲ್ಲ. ಅದನ್ನು ನನಗೆ ಕಲಿಸಿದ್ದು ಬಸ್ಸಾರು.

ಓದು ಮುಗಿಸಿ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ ಮೊದಲ ವರ್ಷ. ನಾನು ಶಿರಸಿ ಕಡೆಯವಳು, ತಂಬುಳಿ, ಅಪ್ಪೆಹುಳಿ ಉಂಡು ಬೆಳೆದವಳು. ಮಂಡ್ಯ ಕಡೆಯ ಒಬ್ಬ ಹಿರಿಯರು ಡಯಾಲಿಸಿಸ್‌ಗೆ ಬರುತ್ತಿದ್ದರು. ಕಿಡ್ನಿ ಕೆಟ್ಟವರ ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯಕ್ಕೇ ಅಪಾಯ. ಎಳನೀರು ಬೇಡ, ಬಾಳೆಹಣ್ಣು ಬೇಡ ಅಂದೆ. ಸೊಪ್ಪು, ತರಕಾರಿಯನ್ನು ಜಾಸ್ತಿ ನೀರಲ್ಲಿ ಬೇಯಿಸಿ, ನೀರು ಬಸಿದು ತಿನ್ನಿ ಅಂತ ಚೆನ್ನಾಗಿ ಬರೆದುಕೊಟ್ಟೆ. ಬೇಯಿಸಿದಾಗ ಪೊಟ್ಯಾಸಿಯಂ ನೀರಿಗೆ ಇಳಿಯುತ್ತದೆ, ಪುಸ್ತಕದಲ್ಲಿ ಹಾಗೇ ಇದೆ. ಮುಂದಿನ ರಿಪೋರ್ಟಿನಲ್ಲಿ ಪೊಟ್ಯಾಸಿಯಂ ಇಳಿಯುವ ಬದಲು ಏರಿತ್ತು. ಡಾಕ್ಟರು ನನ್ನ ಕಡೆ ನೋಡಿದರು. ನಾನು ಅವರ ಹೆಂಡತಿಯನ್ನು ಕೇಳಿದೆ: "ಅಮ್ಮಾ, ನೀರು ಬಸೀತಿದ್ದೀರಾ?" "ದಿನಾ ಬಸೀತೀನಮ್ಮ" ಅಂದರು. "ಬಸಿದ ನೀರು ಏನು ಮಾಡ್ತೀರಿ?" ಅವರು ನನ್ನ ಮುಖವನ್ನೇ ನೋಡಿದರು, ಇಷ್ಟೂ ಗೊತ್ತಿಲ್ವಾ ಅನ್ನುವ ಹಾಗೆ. "ಬಸ್ಸಾರು ಮಾಡ್ತೀನಿ. ಅವರಿಗೆ ಮುದ್ದೆಗೆ ಅದೇ ಬೇಕು."

ಸೊಪ್ಪನ್ನು ಬಸಿದು, ಚೆಲ್ಲಬೇಕಾದ ನೀರಿಗೇ ಮಸಾಲೆ ರುಬ್ಬಿ ಹಾಕಿ ಎರಡು ಹೊತ್ತೂ ಬಡಿಸಿದ್ದರು. ನನ್ನ ಚಾರ್ಟನ್ನು ಅವರು ಒಂದಕ್ಷರ ಮೀರಿರಲಿಲ್ಲ. ತಪ್ಪು ನನ್ನದು. ‘ಬಸಿದು ಚೆಲ್ಲಿ’ ಅಂತ ಬರೆಯಬೇಕಿತ್ತು. ಅದಕ್ಕೂ ಮೊದಲು ‘ನಿಮ್ಮನೇಲಿ ಸೊಪ್ಪು ಹೇಗೆ ಮಾಡ್ತೀರಿ’ ಅಂತ ಕೇಳಬೇಕಿತ್ತು. ಸಕಾಲಕ್ಕೆ ಗೊತ್ತಾಯಿತು, ಅವರಿಗೆ ಏನೂ ಆಗಲಿಲ್ಲ. ನನಗೆ ಮಾತ್ರ ಇವತ್ತಿಗೂ ಬಸ್ಸಾರು ಕಂಡರೆ ಆ ತಾಯಿಯ ಮುಖ ನೆನಪಾಗುತ್ತದೆ.

ಇದನ್ನು ಯಾಕೆ ಹೇಳಿದೆ ಅಂದರೆ, ನೀನು ಅಮ್ಮನ ಅಡುಗೆಮನೆಯಿಂದ ಹೊತ್ತು ತರುವುದೂ ಈ ಕೆಲಸದಲ್ಲಿ ಅರ್ಧ ಬಂಡವಾಳ. ಚಳ್ಳಕೆರೆ ಕಡೆಯವಳು ಅಂದರೆ ಕನ್ನಡದ ಜೊತೆ ತೆಲುಗೂ ಬರುತ್ತಿರಬೇಕಲ್ಲ? ಅದನ್ನು ಬಯೋಡೇಟಾದಲ್ಲಿ ಮರೆಯದೆ ಬರಿ. ರೋಗಿಯ ಜೊತೆ ಅವರ ಭಾಷೆಯಲ್ಲಿ ಮಾತಾಡಬಲ್ಲ ಡಯಟೀಷಿಯನ್ ಸಿಗುವುದು ಅಷ್ಟು ಸುಲಭ ಅಲ್ಲ.

ಈಗ ಯಾವುದು ಏನು ಅನ್ನುವ ಪ್ರಶ್ನೆ. ಕೋರ್ಸುಗಳ ಹೆಸರಿನಿಂದ ಶುರು ಮಾಡಿದರೆ ತಲೆ ಕೆಡುತ್ತದೆ, ಯಾಕೆಂದರೆ ಹೆಸರುಗಳು ಬದಲಾಗುತ್ತಲೇ ಇವೆ. ಕೃಷಿ ವಿಶ್ವವಿದ್ಯಾಲಯಗಳಲ್ಲಿ ‘ಗೃಹ ವಿಜ್ಞಾನ’ ಅಂತಿದ್ದದ್ದು ಈಗ ‘ಸಮುದಾಯ ವಿಜ್ಞಾನ’ ಆಗಿದೆ. ನಿನಗೆ ಹೇಳಿದ ಕಮ್ಯುನಿಟಿ ಸೈನ್ಸ್ ಅದೇ. ಧಾರವಾಡದಲ್ಲಿ 1974ರಲ್ಲಿ ಗ್ರಾಮೀಣ ಗೃಹ ವಿಜ್ಞಾನ ಕಾಲೇಜು ಅಂತ ಶುರುವಾದದ್ದೂ ಈಗ ಅಲ್ಲಿನ ಕೃಷಿ ವಿವಿಯ ಸಮುದಾಯ ವಿಜ್ಞಾನ ಕಾಲೇಜೇ. ಜನ ಇನ್ನೂ ಹೋಮ್ ಸೈನ್ಸ್ ಅಂತಲೇ ಕರೆಯುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಹೆಸರಿನ ಬದಲು ನಿನ್ನನ್ನು ನೀನೇ ಒಂದು ಮಾತು ಕೇಳಿಕೋ: ಐದಾರು ವರ್ಷದ ಮೇಲೆ ಬೆಳಿಗ್ಗೆ ಎಂಟು ಗಂಟೆಗೆ ಎಲ್ಲಿ ನಿಂತಿರೋಕೆ ಇಷ್ಟ? ವಾರ್ಡಿನಲ್ಲಾ, ಫ್ಯಾಕ್ಟರಿಯಲ್ಲಾ, ಊರಿನ ಅಂಗನವಾಡಿಯಲ್ಲಾ, ನಿನ್ನದೇ ಒಲೆಯ ಮುಂದಾ?

ವಾರ್ಡು ಅಂದರೆ ಡಯಟೀಷಿಯನ್. ತೂಕ ಇಳಿಸುವ ಚಾರ್ಟ್ ಬರೆಯುವವರು ಅಂತ ಮೊಬೈಲಿನ ವಿಡಿಯೊ ನೋಡಿ ಅಂದುಕೊಂಡಿದ್ದರೆ ಅದನ್ನು ಬಿಟ್ಟುಬಿಡು. ಐಸಿಯುನಲ್ಲಿ ಮೂಗಿನ ನಳಿಕೆಯಲ್ಲಿ ಊಟ ಹೋಗುವ ರೋಗಿಗೆ ಎರಡೆರಡು ಗಂಟೆಗೆ ಎಷ್ಟು ಎಂಎಲ್, ಅದರಲ್ಲಿ ಪ್ರೋಟೀನ್ ಎಷ್ಟು ಅಂತ ಲೆಕ್ಕ ಹಾಕಬೇಕು. ಉಪ್ಪಿಲ್ಲದ ತಟ್ಟೆ ಉಪ್ಪು ಬೇಡದವರಿಗೇ ಹೋಯಿತಾ ಅಂತ ಆಸ್ಪತ್ರೆಯ ಅಡುಗೆಮನೆಯಲ್ಲಿ ನಿಂತು ನೋಡಬೇಕು. ಸಕ್ಕರೆ ಕಾಯಿಲೆಯವರು "ಮುದ್ದೆ ಎಷ್ಟು ಬೇಕಾದರೂ ತಿನ್ನಬಹುದಂತಲ್ಲಾ?" ಅಂತ ದಿನಕ್ಕೆ ಹತ್ತು ಸಲ ಕೇಳುತ್ತಾರೆ. ರಾಗಿ ಒಳ್ಳೆಯದೇ, ಆದರೆ ಎರಡು ದೊಡ್ಡ ಮುದ್ದೆ ಅಂದರೆ ಎಷ್ಟು ಗ್ರಾಂ ಹಿಟ್ಟು ಅಂತ ಹತ್ತು ಸಲವೂ ನಗುನಗುತ್ತಾ ಹೇಳಬೇಕು.

ಇದರ ದಾರಿ ಉದ್ದ. ಆಹಾರ ಮತ್ತು ಪೋಷಣೆಯಲ್ಲಿ ಪದವಿ, ಆಮೇಲೆ ಎಂಎಸ್ಸಿ, ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್, ಅದಾದ ಮೇಲೆ ಇಂಡಿಯನ್ ಡಯಟಿಕ್ ಅಸೋಸಿಯೇಷನ್ ನಡೆಸುವ ಆರ್‌ಡಿ, ಅಂದರೆ ರಿಜಿಸ್ಟರ್ಡ್ ಡಯಟೀಷಿಯನ್ ಪರೀಕ್ಷೆ. ಒಳ್ಳೆ ಆಸ್ಪತ್ರೆಗಳು ಹೆಸರಿನ ಮುಂದೆ ಆರ್‌ಡಿ ಇದೆಯಾ ಅಂತ ನೋಡುತ್ತವೆ. ಬೆಂಗಳೂರಿನ ಶೇಷಾದ್ರಿ ರಸ್ತೆಯಲ್ಲಿರುವ ಸರ್ಕಾರಿ ವಿಎಚ್‌ಡಿ ಗೃಹ ವಿಜ್ಞಾನ ಸಂಸ್ಥೆ, ಮೈಸೂರಿನ ಮಾನಸಗಂಗೋತ್ರಿಯ ಆಹಾರ ವಿಜ್ಞಾನ ಮತ್ತು ಪೋಷಣೆ ವಿಭಾಗ, ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿವಿ, ಧಾರವಾಡ, ಇವೆಲ್ಲ ನೋಡಬಹುದಾದ ಜಾಗಗಳು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಹೆಸರನ್ನೂ ತಲೆಯಲ್ಲಿಟ್ಟುಕೋ. 1918ರಲ್ಲಿ ಕೂನೂರಿನಲ್ಲಿ ಬೆರಿಬೆರಿ ರೋಗದ ಬೆನ್ನು ಹತ್ತಿ ಶುರುವಾದ ಸಣ್ಣ ಪ್ರಯೋಗಾಲಯ ಅದು, 1958ರಲ್ಲಿ ಹೈದರಾಬಾದಿಗೆ ಬಂತು. ನೂರು ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ ಅಂತ ನಾವು ಧೈರ್ಯವಾಗಿ ಹೇಳುವುದು ಅವರು 2017ರಲ್ಲಿ ಹೊರತಂದ ಕೋಷ್ಟಕ ನೋಡಿಯೇ.

ಇಲ್ಲೊಂದು ಎಚ್ಚರಿಕೆ. ಮೂರು ತಿಂಗಳ ಆನ್‌ಲೈನ್ ಕೋರ್ಸ್ ಮಾಡಿ ‘ಸರ್ಟಿಫೈಡ್ ನ್ಯೂಟ್ರಿಷನಿಸ್ಟ್’ ಆಗಿ ಅಂತ ಜಾಹೀರಾತು ಬರುತ್ತಲೇ ಇರುತ್ತದೆ. ಬ್ರಿಟನ್‌ನಲ್ಲಿ ಡಯಟೀಷಿಯನ್ ಅನ್ನುವ ಹೆಸರಿಗೆ ಕಾನೂನಿನ ಕಾವಲಿದೆ, ನೋಂದಣಿ ಇಲ್ಲದವರು ಹಾಗೆ ಹೇಳಿಕೊಳ್ಳುವಂತಿಲ್ಲ. ನಮ್ಮಲ್ಲಿ ಬಹಳ ಕಾಲ ಇದಕ್ಕೆ ಬೇಲಿಯೇ ಇರಲಿಲ್ಲ. 2021ರಲ್ಲಿ ಬಂದ ಅಲೈಡ್ ಹೆಲ್ತ್‌ಕೇರ್ ವೃತ್ತಿಗಳ ಕಾಯ್ದೆ ಡಯಟೀಷಿಯನ್, ನ್ಯೂಟ್ರಿಷನಿಸ್ಟ್‌ಗಳನ್ನೂ ತನ್ನ ಪಟ್ಟಿಯೊಳಗೆ ಸೇರಿಸಿದೆ. 2025ರಲ್ಲಿ ಯುಜಿಸಿ ಇಂಥ ವಿಷಯಗಳನ್ನು, ಆಹಾರ ಮತ್ತು ಪೋಷಣೆ ವಿಜ್ಞಾನ, ಕ್ಲಿನಿಕಲ್ ನ್ಯೂಟ್ರಿಷನ್ ಸೇರಿ, ದೂರಶಿಕ್ಷಣದಲ್ಲಿ ಮತ್ತು ಆನ್‌ಲೈನಿನಲ್ಲಿ ಕಲಿಸುವಂತಿಲ್ಲ ಅಂತ ಹೇಳಿತು. ಆದ್ದರಿಂದ ಮನೆಯಲ್ಲೇ ಕೂತು ಡಿಗ್ರಿ ಮುಗಿಸಿಬಿಡೋಣ ಅನ್ನುವ ಯೋಚನೆ ಇದ್ದರೆ ಇವತ್ತೇ ಕೈಬಿಡು. ಕಾಲೇಜಿಗೆ ಹೋಗು, ಲ್ಯಾಬಿನಲ್ಲಿ ಕೈ ಸುಟ್ಟುಕೋ.

ಸಂಬಳದ ವಿಷಯ ಮುಚ್ಚಿಡುವುದಿಲ್ಲ. ಶುರುವಿನಲ್ಲಿ ಕಡಿಮೆ. ಇಂಜಿನಿಯರಿಂಗ್ ಮಾಡಿದ ಗೆಳತಿಯರ ಮುಂದೆ ಹೇಳಿಕೊಳ್ಳುವ ಹಾಗಿರುವುದಿಲ್ಲ. ಕಿಡ್ನಿ, ಕ್ಯಾನ್ಸರ್, ಹಸುಗೂಸುಗಳ ವಾರ್ಡು ಅಂತ ಒಂದು ಕಡೆ ಪಳಗಿದ ಮೇಲೆ ಮೆಲ್ಲಗೆ ಏರುತ್ತದೆ. ಅಷ್ಟು ತಾಳ್ಮೆ ಇಲ್ಲದವರು ಈ ಕಡೆ ಬರದೇ ಇರುವುದು ಒಳ್ಳೆಯದು.

ಫ್ಯಾಕ್ಟರಿಗೆ ಬರೋಣ. ನಿನ್ನ ಪತ್ರ ಓದಿದಾಗ ನನಗೆ ನೀನು ಇಲ್ಲಿಗೆ ಸೇರಿದವಳು ಅನ್ನಿಸಿತು, ಯಾಕೆ ಅಂತ ಆಮೇಲೆ ಹೇಳುತ್ತೇನೆ. ಫುಡ್ ಟೆಕ್ನಾಲಜಿ ಅಂದರೆ ಅಡುಗೆಗಿಂತ ಇಂಜಿನಿಯರಿಂಗ್‌ಗೆ ಹತ್ತಿರ. ಬಿಸಿ ಮಾಡುವುದು, ಒಣಗಿಸುವುದು, ತಣ್ಣಗಿಡುವುದು, ಪ್ಯಾಕ್ ಮಾಡುವುದು, ಇದರ ಹಿಂದಿನ ಲೆಕ್ಕ. ಪಿಯುಸಿಯಲ್ಲಿ ಗಣಿತ ಇಟ್ಟುಕೊಂಡದ್ದು ನಿನ್ನ ಅದೃಷ್ಟ, ಈ ಕಡೆಯ ಎಷ್ಟೋ ಬಾಗಿಲುಗಳು ಗಣಿತ ಓದಿದವರಿಗೇ ತೆರೆಯುತ್ತವೆ. ಸಿಇಟಿ ಬರೆದಿದ್ದರೆ ಬಿಟೆಕ್ ಫುಡ್ ಟೆಕ್ನಾಲಜಿ, ಬಿಟೆಕ್ ಡೈರಿ ಟೆಕ್ನಾಲಜಿ, ಬಿಎಸ್ಸಿ ಆನರ್ಸ್ ಸಮುದಾಯ ವಿಜ್ಞಾನ ಮೂರಕ್ಕೂ ಆಯ್ಕೆ ತುಂಬಬಹುದು. ಹೆಬ್ಬಾಳದ ಡೈರಿ ಸೈನ್ಸ್ ಕಾಲೇಜನ್ನು ಯಾರೂ ಹೇಳುವುದಿಲ್ಲ, ಹಾಲು ಅಂತ ಮೂಗು ಮುರಿಯುತ್ತಾರೆ. ನಂದಿನಿ ಇರುವ ರಾಜ್ಯದಲ್ಲಿ ಕೂತು ಡೈರಿ ಬೇಡ ಅನ್ನುವುದು ನನಗಂತೂ ಅರ್ಥ ಆಗಲ್ಲ. ಅಪ್ಪನಿಗೆ ಜಮೀನಿದ್ದರೆ ಕೃಷಿಕರ ಮಕ್ಕಳ ಕೋಟಾ ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಇರುತ್ತದೆ. ಹೊಲದಲ್ಲಿ ಓಡಾಡಿ ಬೆಳೆದವರಿಗೆ ಅದು ಕಷ್ಟ ಅಲ್ಲ. ಜೆಇಇ ಮೇನ್ ಬರೆದವರಿಗೆ ತಂಜಾವೂರು ಮತ್ತು ಹರಿಯಾಣದ ಕುಂಡ್ಲಿಯಲ್ಲಿ ನಿಫ್ಟೆಮ್ ಅನ್ನುವ ಕೇಂದ್ರ ಸರ್ಕಾರದ ಫುಡ್ ಟೆಕ್ನಾಲಜಿ ಸಂಸ್ಥೆ ಇದೆ.

ಮೈಸೂರಿನ ಸಿಎಫ್‌ಟಿಆರ್‌ಐ, ಅಂದರೆ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ಬಗ್ಗೆ ಒಂದೆರಡು ಮಾತು ಹೇಳದೆ ಮುಂದೆ ಹೋಗುವ ಹಾಗಿಲ್ಲ. 1950ರ ಅಕ್ಟೋಬರ್‌ನಲ್ಲಿ ಚೆಲುವಾಂಬ ಅರಮನೆಯಲ್ಲಿ ಶುರುವಾಯಿತು. ಎಮ್ಮೆ ಹಾಲಿನಿಂದ ಮಗುವಿನ ಹಾಲುಪುಡಿ ಮಾಡುವ ವಿಧಾನ ಹೊರಟದ್ದು ಆ ಕಟ್ಟಡದಿಂದಲೇ, ಅಮುಲ್ ಅದನ್ನು ದೇಶಕ್ಕೆಲ್ಲ ಮುಟ್ಟಿಸಿತು. ಅಲ್ಲಿನ ಎಂಎಸ್ಸಿ ಫುಡ್ ಟೆಕ್ನಾಲಜಿ ಮಾಡಿದವರಿಗೆ ಕೆಲಸ ಹುಡುಕುವ ಕಷ್ಟ ಕಡಿಮೆ. ಅದೇ ಮೈಸೂರಿನಲ್ಲಿ ಸೈನ್ಯದವರ ಆಹಾರಕ್ಕಾಗಿ 1961ರಲ್ಲಿ ಡಿಎಫ್‌ಆರ್‌ಎಲ್ ಅನ್ನುವ ಪ್ರಯೋಗಾಲಯ ಶುರುವಾಯಿತು. ಸೈನಿಕರಿಗೆ ಬೇಗ ಕೆಡದ ಪಲಾವ್ ಮಾಡಿದವರೇ ಗಗನಯಾನಿಗಳ ಊಟದ ಮೇಲೂ ಕೆಲಸ ಮಾಡಿದ್ದಾರೆ. ಮೈಸೂರಿಗೆ ಹೋದಾಗ ಅರಮನೆ, ಮೃಗಾಲಯ ನೋಡಿ ಬರುತ್ತೇವಲ್ಲ, ಸಿಎಫ್‌ಟಿಆರ್‌ಐ ಜನರಿಗೆ ತೆರೆದಿಡುವ ಓಪನ್ ಡೇ ಯಾವಾಗ ಅಂತ ತಿಳಿದುಕೊಂಡು ಅಪ್ಪನನ್ನೇ ಒಂದು ಸಲ ಕರೆದುಕೊಂಡು ಹೋಗು. ನಾನು ಬರೆದ ಈ ಎರಡು ಪುಟಕ್ಕಿಂತ ಅದು ಬೇಗ ಕೆಲಸ ಮಾಡುತ್ತದೆ.

ಆದರೆ ಕಂಪನಿ ಸೇರಿದ ಮೊದಲ ದಿನವೇ ಹೊಸ ತಿಂಡಿ ಕಂಡುಹಿಡಿಯುತ್ತೇನೆ ಅಂತ ಹೋಗಬೇಡ. ಹೊಸಬರನ್ನು ಕ್ಯೂಸಿಯಲ್ಲಿ, ಅಂದರೆ ಗುಣಮಟ್ಟ ನೋಡುವ ಕಡೆ ಹಾಕುತ್ತಾರೆ. ತಲೆಗೆ ಟೋಪಿ, ಕಾಲಿಗೆ ಗಮ್‌ಬೂಟ್, ರಾತ್ರಿ ಪಾಳಿಯೂ ಇರುತ್ತದೆ. ಬಂದ ಲಾರಿಯ ಸರಕಿನಿಂದ ಸ್ಯಾಂಪಲ್ ತೆಗೆದು, ತೇವಾಂಶ ಜಾಸ್ತಿ ಇದ್ದರೆ ವಾಪಸ್ ಕಳಿಸಬೇಕು. ಲಾರಿ ಡ್ರೈವರು ಬೈಯುತ್ತಾನೆ, ಖರೀದಿ ಮ್ಯಾನೇಜರು "ಇದೊಂದ್ಸಲ ಬಿಡಮ್ಮ" ಅಂತಾರೆ. ಬಿಡದೆ ನಿಲ್ಲುವುದನ್ನು ಕಲಿಯೋಕೆ ಎರಡು ವರ್ಷ ಬೇಕು. ನನ್ನ ವಿದ್ಯಾರ್ಥಿನಿಯರಲ್ಲಿ ಓದಿನಲ್ಲಿ ಮುಂದಿದ್ದವರಿಗಿಂತ ಈ ‘ಬಿಡದವರು’ ಮುಂದೆ ಹೋಗಿದ್ದನ್ನು ಕಂಡಿದ್ದೇನೆ.

ಸರ್ಕಾರಿ ಕೆಲಸದ ಆಸೆ ಇದ್ದರೆ ಒಂದು ಮುಖ್ಯವಾದ ವಿಷಯ. ಆಹಾರ ಸುರಕ್ಷತಾ ಅಧಿಕಾರಿ ಹುದ್ದೆಗೆ ಯಾವ್ಯಾವ ಪದವಿ ಆಗುತ್ತದೆ ಅಂತ 2011ರ ನಿಯಮಗಳಲ್ಲಿ ಪಟ್ಟಿ ಇದೆ: ಫುಡ್ ಟೆಕ್ನಾಲಜಿ, ಡೈರಿ ಟೆಕ್ನಾಲಜಿ, ಬಯೋಟೆಕ್ನಾಲಜಿ, ಮೈಕ್ರೋಬಯಾಲಜಿ, ಬಯೋಕೆಮಿಸ್ಟ್ರಿ, ಕೃಷಿ, ಪಶುವೈದ್ಯ ಅಂತ ಹೋಗುತ್ತದೆ. ‘ಗೃಹ ವಿಜ್ಞಾನ’ ಅನ್ನುವ ಹೆಸರು ಆ ಪಟ್ಟಿಯಲ್ಲಿಲ್ಲ. ಮೂರು ವರ್ಷ ಓದಿ ಅರ್ಜಿ ಹಾಕುವ ದಿನ ಇದು ಗೊತ್ತಾಗಿ ಅತ್ತವರನ್ನು ನೋಡಿದ್ದೇನೆ. ನಿಯಮ ತಿದ್ದುಪಡಿ ಆಗುತ್ತಿರುತ್ತದೆ. ಆದ್ದರಿಂದ ಕಾಲೇಜಿಗೆ ಸೇರುವ ಮೊದಲೇ ನಿನಗೆ ಬೇಕಾದ ಹುದ್ದೆಯ ಇತ್ತೀಚಿನ ನೋಟಿಫಿಕೇಶನ್ ತೆಗೆದು, ಪದವಿಯ ಹೆಸರನ್ನು ಅಕ್ಷರ ಅಕ್ಷರ ಓದು. ಸೀನಿಯರ್ ಹೇಳಿದರು, ಅಂಕಲ್ ಹೇಳಿದರು ಅಂತ ನಂಬಬೇಡ.

ಊರಿನ ಕಡೆಯ ಕೆಲಸ ಮೂರನೆಯದು. ಸಮಗ್ರ ಶಿಶು ಅಭಿವೃದ್ಧಿ ಯೋಜನೆ, ಅಂದರೆ ನಮ್ಮ ಅಂಗನವಾಡಿ, 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾಯಿತು. ಕರ್ನಾಟಕದಲ್ಲಿ ಆ ಪಾಲು ಬಂದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ. ಈಗ ಊರೂರಿಗೂ ಇದೆ, ಗರ್ಭಿಣಿ ಬಾಣಂತಿಯರಿಗೆ ಮಾತೃಪೂರ್ಣದ ಊಟ 2017ರಲ್ಲಿ ಸೇರಿಕೊಂಡಿತು. ಮೇಲ್ವಿಚಾರಕಿ, ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಹುದ್ದೆಗಳು, ಸ್ವಯಂಸೇವಾ ಸಂಸ್ಥೆಗಳ ಪೋಷಣೆ ಯೋಜನೆಗಳು, ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಗೃಹ ವಿಜ್ಞಾನ ತಜ್ಞರ ಹುದ್ದೆ, ಎಲ್ಲ ಈ ಸಾಲಿನವು. ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ ಹಿರಿಯೂರಿನ ಬಬ್ಬೂರು ಫಾರ್ಮ್‌ನಲ್ಲಿದೆ. ಒಂದು ದಿನ ಹೋಗಿ ಅಲ್ಲಿ ಏನು ಮಾಡುತ್ತಾರೆ ಅಂತ ನೋಡಿಕೊಂಡು ಬಾ, ಯಾರೂ ಬೇಡ ಅನ್ನಲ್ಲ.

ಈ ಕೆಲಸದ ರುಚಿ ಹತ್ತಬೇಕಾದರೆ ಮನೆಯಲ್ಲೇ ಒಂದು ಪರೀಕ್ಷೆ ಮಾಡು. ಒಂದು ಪಾವು ರಾಗಿ ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸು. ಒಣಗಿಸಿ, ಹದವಾಗಿ ಹುರಿದು, ಬೀಸಿ ಇಟ್ಟುಕೋ. ತೀರಾ ಕಪ್ಪಗಾಗುವಂತೆ ಹುರಿಯಬೇಡ. ಇನ್ನೊಂದು ಕಡೆ ಮಾಮೂಲಿ ರಾಗಿಹಿಟ್ಟು. ಎರಡರಿಂದಲೂ ಒಂದೊಂದು ಚಮಚ, ಒಂದೇ ಅಳತೆ ನೀರು, ಒಂದೇ ಉರಿ. ಎರಡು ಬಟ್ಟಲಿಗೆ ಸುರಿದು ನೋಡು. ಮಾಮೂಲಿ ಹಿಟ್ಟಿನ ಗಂಜಿ ಗಟ್ಟಿಯಾಗಿ ಕೂತಿರುತ್ತದೆ. ಮೊಳಕೆ ಹಿಟ್ಟಿನದು ತೆಳ್ಳಗೆ ಹರಿಯುತ್ತದೆ. ಮೊಳೆಯುವಾಗ ಹುಟ್ಟುವ ಅಮೈಲೇಸ್ ಅನ್ನುವ ಕಿಣ್ವ ಪಿಷ್ಟವನ್ನು ಒಡೆದುಹಾಕಿರುತ್ತದೆ. ಎಂಟು ತಿಂಗಳ ಮಗುವಿನ ಹೊಟ್ಟೆ ಎಷ್ಟು ದೊಡ್ಡದಿರುತ್ತೆ ಹೇಳು? ಅದೇ ಬಟ್ಟಲಲ್ಲಿ ಜಾಸ್ತಿ ಹಿಟ್ಟು ಹಿಡಿಸಬಹುದು, ಮಗು ಕಷ್ಟಪಡದೆ ನುಂಗುತ್ತದೆ. ನಮ್ಮ ಅಜ್ಜಿಯರು ಮೊಳಕೆ ಕಟ್ಟಿದ ರಾಗಿಹಿಟ್ಟಿನ ಸರಿ ಉಣ್ಣಿಸುತ್ತಿದ್ದರು. ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಅದನ್ನೇ ಅಳತೆಗೆ ತಂದರು. ಎರಡು ಬಟ್ಟಲು ನೋಡಿ ನಿನಗೆ ರೋಮಾಂಚನ ಆದರೆ ನೀನು ಈ ಕ್ಷೇತ್ರಕ್ಕೆ ಸರಿ. "ಹೌದಾ" ಅಂತ ಎದ್ದುಹೋದರೆ ಇನ್ನೊಮ್ಮೆ ಯೋಚನೆ ಮಾಡು.

ಹೋಮ್ ಸೈನ್ಸ್‌ನ ಉಳಿದ ಶಾಖೆಗಳನ್ನು ನೀನು ಕೇಳಿಲ್ಲ. ಜವಳಿ ಮತ್ತು ಉಡುಪು, ಮಾನವ ಅಭಿವೃದ್ಧಿ, ಸಂಪನ್ಮೂಲ ನಿರ್ವಹಣೆ, ವಿಸ್ತರಣೆ ಅಂತ ಇವೆ. ಸಮುದಾಯ ವಿಜ್ಞಾನಕ್ಕೆ ಸೇರಿದರೆ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಓದಬೇಕಾಗುತ್ತದೆ. ಚಟ್ನಿಪುಡಿ ತಲೆಯಲ್ಲಿಟ್ಟುಕೊಂಡು ಹೋದವಳು ಕಸೂತಿ ಹೊಲಿಗೆಯನ್ನೂ ಕಲಿಯಬೇಕಾಗಬಹುದು, ಆಮೇಲೆ ಗೊಣಗಬೇಡ. ಇನ್ನೊಂದು: ಯಾವ ಕಡೆ ಹೋದರೂ ಮೊದಲೆರಡು ವರ್ಷ ಎದುರಾಗುವುದು ಕೆಮಿಸ್ಟ್ರಿ, ಬಯೋಕೆಮಿಸ್ಟ್ರಿ, ಮೈಕ್ರೋಬಯಾಲಜಿ. ಅಡುಗೆ ಅಂತ ಬಂದವರು ಕ್ರೆಬ್ಸ್ ಸೈಕಲ್ ನೋಡಿ ಕಂಗಾಲಾಗುವುದು ಪ್ರತಿ ವರ್ಷದ ದೃಶ್ಯ.

ಈಗ ಚಟ್ನಿಪುಡಿ. ನಿನ್ನ ಪತ್ರದಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಈ ಸಾಲೇ, ನೀನು ಅದನ್ನು ನಾಚಿಕೊಂಡು ಕೊನೆಯಲ್ಲಿ ಬರೆದಿದ್ದೀಯ. ಎಣ್ಣೆ ಗಿರಣಿಗಳ ಊರಿನ ಹುಡುಗಿ ಶೇಂಗಾದ ಮೇಲೆ ಕೆಲಸ ಮಾಡುವುದರಲ್ಲಿ ನಾಚಿಕೆ ಯಾಕೆ?

ಶೇಂಗಾದಲ್ಲಿ ಹೆಚ್ಚೂಕಡಿಮೆ ಅರ್ಧಕ್ಕರ್ಧ ಎಣ್ಣೆ. ಹುರಿದು ಪುಡಿ ಮಾಡಿದ ಕೂಡಲೇ ಆ ಎಣ್ಣೆಗೆ ಗಾಳಿ ತಾಗೋಕೆ ಶುರು. ಅಮ್ಮನ ಪುಡಿ ಊರಲ್ಲಿ ವಾರದೊಳಗೆ ಖಾಲಿಯಾಗುತ್ತದೆ, ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ. ಅದೇ ಪುಡಿ ಬೆಂಗಳೂರಿನ ಅಂಗಡಿಯ ಗಾಜಿನ ಬೀರುವಿನಲ್ಲಿ ಬಿಸಿಲಿಗೆ ಎರಡು ತಿಂಗಳು ಕೂತರೆ ಕಮಟು ವಾಸನೆ ಬರುತ್ತದೆ. ಒಂದು ಸಲ ಕಮಟು ಹತ್ತಿದ ಪ್ಯಾಕೆಟ್ ಕೊಂಡವರು ಮತ್ತೆ ಆ ಹೆಸರಿನ ಪುಡಿ ಕೊಳ್ಳುವುದಿಲ್ಲ. ಮೂಗಿಗೆ ಗೊತ್ತಾಗುವ ಮೊದಲೇ ಇದನ್ನು ಹಿಡಿಯಬಹುದು. ಎಣ್ಣೆ ತೆಗೆದು, ಪೊಟ್ಯಾಸಿಯಂ ಅಯೋಡೈಡ್ ಹಾಕಿ, ಬಿಡುಗಡೆಯಾದ ಅಯೋಡಿನ್ನನ್ನು ಬ್ಯೂರೆಟ್ಟಿನಿಂದ ಹನಿ ಹನಿ ಥಯೋಸಲ್ಫೇಟ್ ಬಿಟ್ಟು ಅಳೆಯುತ್ತಾರೆ. ಪಿಯುಸಿ ಲ್ಯಾಬಿನಲ್ಲಿ ಟೈಟ್ರೇಷನ್ ಮಾಡಿದ್ದೀಯಲ್ಲ, ಅದರ ಅಕ್ಕ ಇದು. ಪೆರಾಕ್ಸೈಡ್ ವ್ಯಾಲ್ಯೂ ಅಂತ ಹೆಸರು. ಅದರ ಅಂಕಿ ವಾರ ವಾರ ಹೇಗೆ ಏರುತ್ತದೆ ಅಂತ ನೋಡಿ ‘ಇಷ್ಟು ದಿನದೊಳಗೆ ಬಳಸಿ’ ಅಂತ ಪ್ಯಾಕೆಟ್ಟಿನ ಮೇಲೆ ಬರೆಯುವುದು. ಸುಮ್ನೆ ಪಕ್ಕದ ಅಂಗಡಿಯ ಪ್ಯಾಕೆಟ್ ನೋಡಿ ಮೂರು ತಿಂಗಳು ಅಂತ ಬರೆಯುವವರೇ ಜಾಸ್ತಿ, ಅದು ಬೇರೆ ಮಾತು.

ಇನ್ನೊಂದು ದೊಡ್ಡ ಅಪಾಯ ಕಣ್ಣಿಗೂ ಕಾಣದ್ದು. ಮಳೆಗೆ ಸಿಕ್ಕ, ಸರಿಯಾಗಿ ಒಣಗದ ಶೇಂಗಾದಲ್ಲಿ ಒಂದು ಬಗೆಯ ಬೂಸ್ಟು ಬೆಳೆದು ಅಫ್ಲಾಟಾಕ್ಸಿನ್ ಅನ್ನುವ ವಿಷ ಬಿಡುತ್ತದೆ. ಅದು ಲಿವರ್‌ಗೆ ಕೆಟ್ಟದ್ದು. ಹುರಿದರೆ ಪೂರ್ತಿ ಹೋಗುವುದಿಲ್ಲ. ಇದರ ಮಿತಿಯನ್ನು ಕಾನೂನು ಕೆಜಿಗೆ ಇಷ್ಟು ಮೈಕ್ರೋಗ್ರಾಂ ಅಂತ ಹಾಕಿದೆ, ಒಂದು ಮೈಕ್ರೋಗ್ರಾಂ ಅಂದರೆ ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲು. ನಿಮ್ಮಮ್ಮ ಬೀಜ ಆರಿಸುವಾಗ ಸುಕ್ಕಾದದ್ದು, ಬಣ್ಣಗೆಟ್ಟದ್ದು, ಮುಗ್ಗಲು ವಾಸನೆಯದ್ದು ತೆಗೆದು ಎಸೆಯುತ್ತಾರಲ್ಲ, ವಿಜ್ಞಾನ ಹೇಳುವ ಮೊದಲ ಹೆಜ್ಜೆಯೂ ಅದೇ. ದಿನಕ್ಕೆ ಎರಡು ಕ್ವಿಂಟಾಲ್ ಆದಾಗ ಅಮ್ಮನ ಎರಡು ಕಣ್ಣು ಸಾಲುವುದಿಲ್ಲ, ಅಷ್ಟೇ.

ಹಾಗಾಗಿ ನನ್ನ ಸಲಹೆ ನೇರ. ಬಿಟೆಕ್ ಫುಡ್ ಟೆಕ್ನಾಲಜಿ ಸಿಕ್ಕರೆ ತಗೋ. ಸಿಗದಿದ್ದರೆ ಡೈರಿ ಟೆಕ್ನಾಲಜಿ, ಅದೂ ಇಲ್ಲದಿದ್ದರೆ ಕೆಮಿಸ್ಟ್ರಿ ಜೊತೆಗಿರುವ ಆಹಾರ ವಿಜ್ಞಾನದ ಬಿಎಸ್ಸಿ ಮಾಡಿ ಎಂಎಸ್ಸಿಗೆ ಸಿಎಫ್‌ಟಿಆರ್‌ಐ ಪ್ರವೇಶ ಪರೀಕ್ಷೆಗೆ ತಯಾರಾಗು. ವಾರ್ಡಿನ ಕಡೆ ಮನಸ್ಸು ಎಳೆದರೆ ಮಾತ್ರ ಪೋಷಣೆ. ಓದು ಮುಗಿದ ಕೂಡಲೇ ಸ್ವಂತ ಉದ್ಯೋಗಕ್ಕೆ ಕೈ ಹಾಕಬೇಡ. ಎರಡು ವರ್ಷ ಯಾವುದಾದರೂ ಮಸಾಲೆ ಅಥವಾ ತಿಂಡಿ ಕಂಪನಿಯಲ್ಲಿ ದುಡಿ. ಬೇರೆಯವರ ದುಡ್ಡಿನಲ್ಲಿ ತಪ್ಪು ಮಾಡಿ ಕಲಿ, ಸಂಬಳ ಬೇರೆ ಕೊಡುತ್ತಾರೆ.

ಆಮೇಲೆ ಎಫ್‌ಎಸ್‌ಎಸ್‌ಎಐ, ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ ನಂಬರು. ಪ್ರತಿ ಪ್ಯಾಕೆಟ್ಟಿನ ಮೇಲೆ 14 ಅಂಕಿಯ ಆ ಸಂಖ್ಯೆ ಇರುತ್ತದೆ, ಈಗಲೇ ನಿಮ್ಮ ಬೀದಿಯ ಅಂಗಡಿಯಲ್ಲಿ ನೋಡು. ಸಣ್ಣ ವಹಿವಾಟಿಗೆ ಬರೀ ನೋಂದಣಿ ಸಾಕು, ದೊಡ್ಡದಾದಂತೆ ಲೈಸೆನ್ಸ್. ದುಡ್ಡಿನ ಬಗ್ಗೆ ಅಪ್ಪ ಕೇಳಿಯೇ ಕೇಳುತ್ತಾರೆ. ಕಿರು ಆಹಾರ ಉದ್ಯಮಗಳಿಗೆ ಕೇಂದ್ರ ಸರ್ಕಾರ 2020ರಲ್ಲಿ ಪಿಎಂಎಫ್‌ಎಂಇ ಅನ್ನುವ ಯೋಜನೆ ತಂದಿತು. ಬ್ಯಾಂಕ್ ಸಾಲದ ಜೊತೆ ಶೇ 35 ಸಬ್ಸಿಡಿ, ಗರಿಷ್ಠ 10 ಲಕ್ಷ. ಕರ್ನಾಟಕ ತನ್ನ ಶೇ 15 ಸೇರಿಸಿ ಅದನ್ನು ಶೇ 50, ಗರಿಷ್ಠ 15 ಲಕ್ಷ ಮಾಡಿತು. ಇಲ್ಲಿ ಅದನ್ನು ನೋಡಿಕೊಂಡದ್ದು ಕೆಪೆಕ್ ಅನ್ನುವ ರಾಜ್ಯ ಸರ್ಕಾರದ ನಿಗಮ. ನೀನು ಅರ್ಜಿ ಹಾಕುವ ಹೊತ್ತಿಗೆ ಯೋಜನೆಯ ಹೆಸರು, ಮೊತ್ತ ಎರಡೂ ಬದಲಾಗಿರಬಹುದು, ಆದರೆ ಇಂಥದ್ದೊಂದು ಇದ್ದೇ ಇರುತ್ತದೆ. ಸಬ್ಸಿಡಿ ಇದೆ ಅಂತ ಬೇಡದ ಮೆಷಿನ್ ಕೊಂಡು ಮೂಲೆಗಿಟ್ಟವರನ್ನೂ ನೋಡಿದ್ದೇನೆ. ಮೊದಲು ಗಿರಾಕಿ, ಆಮೇಲೆ ಮೆಷಿನ್.

ಕೌನ್ಸೆಲಿಂಗ್‌ಗೆ ಇನ್ನೂ ಟೈಮ್ ಇದೆ ಅಲ್ವಾ? ಅಲ್ಲಿಯವರೆಗೆ ಒಂದು ಕೆಲಸ ಕೊಡುತ್ತೇನೆ. ಅಮ್ಮ ಮುಂದಿನ ಸಲ ಪುಡಿ ಮಾಡಿದಾಗ ನಾಲ್ಕು ಪಾಲು ತೆಗೆದುಕೋ. ಒಂದು ಬಾಯಿ ಬಿಗಿಯಾದ ಸ್ಟೀಲ್ ಡಬ್ಬಿಗೆ, ಒಂದು ತೆಳು ಪ್ಲಾಸ್ಟಿಕ್ ಕವರಿಗೆ, ಒಂದು ಗಾಜಿನ ಬಾಟಲಿಗೆ ಹಾಕಿ ಕಿಟಕಿಯ ಬಿಸಿಲಿಗೆ, ಒಂದು ಫ್ರಿಜ್ಜಿಗೆ. ಮೇಲೆ ತಾರೀಖು ಅಂಟಿಸು. ವಾರಕ್ಕೊಮ್ಮೆ ತೆರೆದು ಮೂಸಿ ನೋಡಿ, ಯಾವುದಕ್ಕೆ ಯಾವ ದಿನ ಕಮಟು ಬಂತು ಅಂತ ನೋಟ್‌ಬುಕ್ಕಿನಲ್ಲಿ ಬರಿ. ನೀನೊಬ್ಬಳೇ ಬೇಡ, ಅಪ್ಪನ ಮೂಗಿಗೂ ಹಿಡಿ. ಪುಡಿ ಮಾಡುವ ದಿನ ಶೇಂಗಾ ಎಷ್ಟು ಹೊತ್ತು ಹುರಿಯಬೇಕು ಅಂತ ಕೇಳಿದರೆ ಅಮ್ಮ "ಘಮ ಬರೋವರೆಗೂ" ಅಂತಾರೆ. ಆ ಘಮ ಎಷ್ಟನೇ ನಿಮಿಷಕ್ಕೆ ಬಂತು ಅಂತ ಪಕ್ಕದಲ್ಲಿ ಗಡಿಯಾರ ಹಿಡಿದು ನಿಂತು ಬರೆದುಕೋ.